ಹೆಚ್ಚಾದರೂ ಭಯ, ಕಡಿಮೆಯಾದರೂ ಭಯ

ಹೂಲಿಯ ಅಕ್ಕನ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಹೋಳಿಗೆ ಉಂಡು ಮಲಗಿದ್ದೆ. ಇಳಿಹೊತ್ತಿಗೆ ಎಚ್ಚರವಾಯಿತು, ಕಾಲು ಮಾತ್ರ ಏಳಲಿಲ್ಲ. ಜೋಮು ಹಿಡಿದಿರಬೇಕೆಂದು ತೊಡೆ ಚಿವುಟಿದೆ. ಚುರುಕ್ಕೆಂದಿತು. ಆದರೂ ಮೊಣಕಾಲು ಮಡಚಲಾಗಲಿಲ್ಲ.

"ಚ್ಯಾಷ್ಟಿ ಸಾಕ್ರಿ, ಏಳ್ರಿ. ಕಿತ್ತೂರಿಗೆ ಹೋಗೂದೈತಿ," ಅಂದಳು ಹೆಂಡತಿ.

"ಕಾಲ ಏಳವಲ್ವು," ಅಂದೆ. ನನ್ನ ದನಿ ಕೇಳಿ ಅವಳ ಮುಖ ಬಿಳಿಚಿಕೊಂಡಿತು.

ನಿತ್ರಾಣ ಆಗಿರಬೇಕೆಂದು ಅಕ್ಕ ಸಕ್ಕರೆ ಪಾನಕ ಕುಡಿಸಿದಳು. ಭಾವನ ಕಾರಿನಲ್ಲಿ ಸವದತ್ತಿ ಮುಟ್ಟುವಷ್ಟರಲ್ಲಿ ಕೈಗಳೂ ಸೋತಿದ್ದವು. ಇನ್ನು ಉಸಿರೂ ಹೀಗೇ ನಿಲ್ಲುತ್ತದೆಯೇ ಎಂದು ಒಂದೊಂದೇ ಉಸಿರನ್ನು ಗಮನಿಸುತ್ತ ಮಲಗಿದ್ದೆ.

ಆಸ್ಪತ್ರೆಯ ಡಾಕ್ಟರಮ್ಮ ನನ್ನ ಕುತ್ತಿಗೆ ಮುಟ್ಟಿ ನೋಡಿದರು. "ತೂಕ ಇಳಿದೈತೇನ್ರಿ? ಕೈ ನಡಗತಾವೇನು?"

ಹೌದು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಲಸದ ದಣಿವು, ಬಿಸಿಲು ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು.

"ರಕ್ತದಾಗ ಪೊಟ್ಯಾಸಿಯಂ ಭಾಳ ಕಡಿಮಿ ಐತಿ. ಥೈರಾಯ್ಡ್ ಹೆಚ್ಚಾಗಿ ಹಿಂಗ ಆಗಿರಬೇಕು. ಸಿಹಿ, ಗ್ಲೂಕೋಸ್ ಏನೂ ಕೊಡಬ್ಯಾಡ್ರಿ, ಇನ್ನೂ ಇಳೀತೈತಿ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಕುಡಿಯಲು ಕೊಟ್ಟ ಪೊಟ್ಯಾಸಿಯಂ ಔಷಧಿ ತೀರ ಸ್ವಲ್ಪ. ಭಾವ ಚಡಪಡಿಸಿದ. "ಸಲೈನದಾಗ ಜಾಸ್ತಿ ಹಾಕಿ ಲಗೂನ ಏರಸ್ರಲ್ಲ!"

"ಆಗೂದಿಲ್ರಿ. ಪೊಟ್ಯಾಸಿಯಂ ಮೈ ಬಿಟ್ಟು ಹೋಗಿಲ್ಲ, ಸ್ನಾಯುದಾಗ ಹೊಕ್ಕೊಂಡು ಕುಂತೈತಿ. ತಾನ ಹೊರಗ ಬರತೈತಿ. ಈಗ ಸುರುವಿದ್ರ ಆಮ್ಯಾಲ ಮಿತಿ ಮೀರಿ ಎದಿನ ನಿಂತೀತು."

ಕಡಿಮೆಯಾದರೂ ಸಾವು, ಹೆಚ್ಚಾದರೂ ಸಾವು. ಮಾನಿಟರಿನ ಸದ್ದು ತುಸು ಬದಲಾದರೂ ಡಾಕ್ಟರಮ್ಮನ ಮುಖ ನೋಡುತ್ತಿದ್ದೆ. ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತ, ತೂಗಿ ತೂಗಿ ಔಷಧಿ ಕೊಟ್ಟರು. ಕೊನೆಗೆ ಹೆಬ್ಬೆರಳು ಅಲುಗಿತು. ಹೆಂಡತಿ ನನ್ನ ಪಾದ ಹಿಡಿದುಕೊಂಡು ಅತ್ತಳು.

ಥೈರಾಯ್ಡಿಗೆ ಮಾತ್ರೆ ಶುರುವಾಯಿತು. ಕೆಲವು ವಾರಗಳ ಮೇಲೆ ಗ್ಯಾರೇಜಿನಲ್ಲಿ ಕಾಲು ಭಾರವೆನಿಸಿತು. ಮತ್ತೆ ಅದೇ ಶುರುವಾಯಿತು ಎಂದುಕೊಂಡೆ. ಹೇಗೋ ಮನೆಗೆ ಬಂದು, ಬೇಕಾದೀತೆಂದು ಭಾವ ಮೆಡಿಕಲ್ ಅಂಗಡಿಯಿಂದ ತಂದುಕೊಟ್ಟಿದ್ದ ಪೊಟ್ಯಾಸಿಯಂ ಬಾಟಲಿ ಎತ್ತಿದೆ. ಪೂರ್ತಿ ಕುಡಿಯುವುದೇ ಎಂದುಕೊಂಡಿದ್ದೆ.

ಹೆಂಡತಿ ಕಸಿದುಕೊಂಡಳು. "ರಕ್ತಾ ತೋರಸೂತನಾ ಒಂದ ಹನಿ ಬ್ಯಾಡ. ನಡೀರಿ!"

ಕಿತ್ತೂರಿನ ಆಸ್ಪತ್ರೆಯಲ್ಲಿ ತಕ್ಷಣ ನೋಡಿದರು. ಪೊಟ್ಯಾಸಿಯಂ ಸರಿಯಾಗಿಯೇ ಇತ್ತು; ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಎಂಜಿನ್ ಬಿಚ್ಚಿದ ದಣಿವು ಅಷ್ಟೇ. ಗಂಡಾಂತರ ತಪ್ಪಿತೆಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಬಾಟಲಿ ಕುಡಿದಿದ್ದರೆ ಏನಾಗುತ್ತಿತ್ತೆಂದು ನೆನೆದು, ಅಲ್ಲಿಯ ಬೆಂಚಿನ ಮೇಲೆ ಕುಳಿತವನಿಗೆ ಬಹಳ ಹೊತ್ತು ಏಳಲು ಧೈರ್ಯವಾಗಲಿಲ್ಲ.