ಹೀರೋನಿಂದ ಬೆಕ್ಕನ್ನು ಕಾಪಾಡಿದ್ದು

೨೦೨೧ನೇ ಇಸವಿ. ಸಯನ್‌ನಲ್ಲಿ ನನ್ನ ಪಶುವೈದ್ಯ ಕ್ಲಿನಿಕ್ಕಿತ್ತು. ಗೋರೆಗಾಂವ್‌ನ ಸ್ಟುಡಿಯೋಗಳಲ್ಲಿ ಶೂಟಿಂಗಿಗೆ ಬರುವ ಪ್ರಾಣಿಗಳ ಆರೋಗ್ಯ ನೋಡುವ ಕೆಲಸವೂ ನನ್ನದೇ. ಲಾಕ್‌ಡೌನ್ ಸಡಿಲಾಗಿ ಒಂದು ಹಿಂದಿ ಸೀರಿಯಲ್ ಆಗಷ್ಟೇ ಶುರುವಾಗಿತ್ತು. ಅದರ ಪ್ರೊಡಕ್ಷನ್ ಮ್ಯಾನೇಜರ್ ಉಡುಪಿ ಕಡೆಯ ಶೆಟ್ಟರು ನನ್ನ ಕೈಗೆ, ಬ್ಯಾಗಿಗೆ, ಕೊನೆಗೆ ಸ್ಟೆತಾಸ್ಕೋಪಿಗೂ ಸ್ಯಾನಿಟೈಸರ್ ಹೊಡೆದು ಒಳಗೆ ಬಿಟ್ಟರು.

"ಡಾಕ್ಟ್ರೇ, ಕೋಳಿ, ನಾಯಿ, ಬೆಕ್ಕು, ಮೂರಕ್ಕೂ ಕೊರೋನಾ ಟೆಸ್ಟ್ ಮಾಡಿ. ಹೀರೋಗೆ ಏನಾದ್ರೂ ಆದ್ರೆ ಶೂಟಿಂಗ್ ಬಂದ್ ಮಾರಾಯ್ರೆ."

ನಾನು ವಿವರಿಸಿದೆ. ಈ ವೈರಸ್ ಜೀವಕೋಶದೊಳಗೆ ನುಗ್ಗಲು ಅದರ ಮೇಲಿರುವ ಎಸಿಇ-೨ ಎಂಬ ರಿಸೆಪ್ಟರನ್ನು ಹಿಡಿಯಬೇಕು. ಓಡುವ ಲೋಕಲ್ ರೈಲು ಹತ್ತಲು ಬಾಗಿಲ ನಡುವಿನ ಕಂಬ ಕೈಗೆ ಸಿಗಬೇಕಲ್ಲ, ಹಾಗೆ. ಬೆಕ್ಕಿನ ಕಂಬ ಹೆಚ್ಚುಕಡಿಮೆ ನಮ್ಮದರಂತೆಯೇ ಇದೆ. ನಾಯಿಯದು ಕೈ ಜಾರುತ್ತದೆ. ಕೋಳಿಯಲ್ಲಂತೂ ಹಿಡಿತವೇ ಸಿಗುವುದಿಲ್ಲ. ಕಾರಣ ಇದೊಂದೇ ಅಲ್ಲ, ಆದರೆ ಮುಖ್ಯವಾದದ್ದು ಇದು.

"ಹಾಗಾದ್ರೆ ಬೆಕ್ಕು ಬೇಡ. ಹೀರೋನ ಮಡಿಲಲ್ಲಿ ಕೋಳಿಯನ್ನೇ ಕೂರಿಸುವಾ," ಎಂದರು ಶೆಟ್ಟರು.

ಕಥೆಯಲ್ಲಿ ಸತ್ತ ಅಜ್ಜಿ ಬೆಕ್ಕಾಗಿ ಹುಟ್ಟಿ ಬಂದಿದ್ದಳು. ಅವಳನ್ನು ಏಕಾಏಕಿ ಕೋಳಿ ಮಾಡಲು ಡೈರೆಕ್ಟರ್ ಒಪ್ಪಲಿಲ್ಲ. ಬೇರೆ ಯಾವುದಾದರೂ ಪ್ರಾಣಿ ನೋಡೋಣ ಎಂದು ಚರ್ಚೆ ಹತ್ತಿತು.

ಅಜ್ಜಿಯ ಪಾತ್ರಧಾರಿ ಸುಲ್ತಾನ ಎಂಬ ಗಂಡುಬೆಕ್ಕು. ಅದರ ಒಡತಿ, ಹುಬ್ಬಳ್ಳಿ ಕಡೆಯ ಬೀಬಿಜಾನ್, ನನ್ನನ್ನು ಪಕ್ಕಕ್ಕೆ ಕರೆದಳು. "ಸಾಹೇಬ್ರ, ಬೆಕ್ಕಿಗೆ ಬರೂದಿಲ್ಲ ಅಂತ ಹೇಳ್ರಿ. ಭಾಳ ದಿನದ ಮ್ಯಾಲ ಕೆಲಸ ಸಿಕ್ಕೈತಿ."

ನನಗೆ ಸಂಕಟವಾಯಿತು. ಸುಳ್ಳು ಹೇಳುವಂತಿರಲಿಲ್ಲ, ಆದರೆ ನಿಜವನ್ನು ಪೂರ್ತಿ ಹೇಳಬಹುದಿತ್ತು.

"ಬೆಕ್ಕಿಗೆ ಬರ್ತದೆ ಶೆಟ್ರೇ. ಆದರೆ ಮನೆಯೊಳಗೇ ಇರುವ ಬೆಕ್ಕಿಗೆ ಅದು ಮನುಷ್ಯರಿಂದಲೇ ಬರಬೇಕು. ಮೊದಲು ಇದನ್ನು ಮುಟ್ಟುವವರಿಗೆ ಟೆಸ್ಟ್ ಮಾಡಿಸಿ."

ಶೆಟ್ಟರ ಸ್ವರ ಇಳಿಯಿತು. "ಬೆಕ್ಕಿಗೋಸ್ಕರ ಮೂಗಿಗೆ ಕಡ್ಡಿ ಹಾಕಿಸ್ಕೊಳ್ಳಿ ಅಂತ ಹೀರೋ ಹತ್ರ ಹೇಳುದು ಯಾರು?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆ ಎಲ್ಲರಿಗೂ ಗೊತ್ತು. ಬೆಕ್ಕಿನ ಪರವಾಗಿ ಹೀರೋಗೆ ಗಂಟೆ ಕಟ್ಟುವ ಪಾಳಿ ನನಗೆ ಬಂತು.

"ಡಬ್ಬಿಂಗ್ ಮಾಡಿ ಗಂಟಲು ಕಟ್ಟಿದೆ, ಅಷ್ಟೇ," ಎಂದು ಹಿಂದಿಯಲ್ಲಿ ಹೇಳಿ ಹೀರೋ ನಕ್ಕು ಮೂಗು ಒಡ್ಡಿದ. ಸ್ವಲ್ಪ ಹೊತ್ತಿಗೆ ಟೆಸ್ಟ್ ಕಿಟ್ಟಿನ ಮೇಲೆ ಎರಡು ಗೆರೆ ಮೂಡಿದವು, ಅಂದರೆ ಪಾಸಿಟಿವ್. ಮಧ್ಯಾಹ್ನವಿಡೀ ಅವನು ಸುಲ್ತಾನನ ಮೂಗಿಗೆ ಮೂಗು ಉಜ್ಜಬೇಕಿತ್ತು.

ಶೂಟಿಂಗ್ ನಿಂತಿತು. ತಪ್ಪು ಬೆಕ್ಕಿನದಲ್ಲವಾದ್ದರಿಂದ ಅದರ ಕೆಲಸ ಉಳಿಯಿತು. ಹೀರೋ ಗುಣವಾಗಿ ಬಂದ ದಿನ ನಾನೂ ಹೋಗಿದ್ದೆ. ಪ್ರಾಣಿಯಿಂದ ನಮಗೇನು ಬಂದೀತು ಎನ್ನುವ ಮೊದಲು ನಮ್ಮಿಂದ ಅದಕ್ಕೇನು ಹೋದೀತು ಎಂದು ಕೇಳಬೇಕು, ನನ್ನ ವೃತ್ತಿ ಕಲಿಸಿದ್ದು ಇದನ್ನೇ ಎಂದು ಯೂನಿಟ್ಟಿನವರಿಗೆಲ್ಲ ಭಾಷಣ ಬಿಗಿದು, ಸುಲ್ತಾನನ ತಲೆ ಸವರಲು ಬಗ್ಗಿದೆ.

ಬೀಬಿಜಾನ್ ಬೆಕ್ಕಿದ್ದ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

"ಮೊದಲ ಮಾಸ್ಕ್ ಮೂಗಿನ ಮ್ಯಾಲ ಏರಸ್ರಿ ಸಾಹೇಬ್ರ. ಆಮ್ಯಾಲ ಮುಟ್ರಿ."