ಸಿಸ್ಟರ್ ಕಾರಿನ ಬ್ಯಾಟರಿ

ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ಟುವುದು ಅವಳ ಕೆಲಸ. ಇಡೀ ಬಡಾವಣೆಗೆ ಅವಳು ‘ಸಿಸ್ಟರ್’. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ. ಹೊರಗೆ, ಗಂಡನ ಹಳೇ ಕಾರು.

ಚಳಿ ಶುರುವಾಗುವ ಮುಂಚೆಯೇ ಆ ಕಾರು ಮೊಂಡಾಟ ಹೂಡಿತ್ತು. ಕೀಲಿ ತಿರುಗಿಸಿದರೆ ಎಂಜಿನ್ ಒಲ್ಲದ ಮನಸ್ಸಿನಿಂದ ನರಳಿ ನರಳಿ ಸ್ಟಾರ್ಟ್ ಆಗುತ್ತಿತ್ತು. ಆ ಹೊತ್ತಿಗೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ತಂತಿ ಕೂರುವ ಜಾಗದಲ್ಲೆಲ್ಲ ಬಿಳಿ ಹುಡಿ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದಳು. ಕಾರು ಒಂದೇ ಏಟಿಗೆ ಹೊರಟಿತು.

“ನೋಡಿ ಅತ್ತೆ, ಇನ್ನೊಂದು ಚಳಿಗಾಲ ತಳ್ಳುತ್ತೆ.”

“ಯಾರು, ಕಾರೋ ನೀನೋ?” ಎಂದರು ಅತ್ತೆ. “ಒಂದ್ಸಲ ಗ್ಯಾರೇಜಲ್ಲಿ ತೋರಿಸಿಬಿಡಮ್ಮ.”

ಮರುದಿನ ತೋರಿಸಿದಳು. ಗ್ಯಾರೇಜಿನವನು ಬ್ಯಾಟರಿಗೆ ಮೀಟರ್ ಹಿಡಿದು ನೋಡಿ, “ಸುಮ್ಮನಿದ್ದಾಗ ಸರಿಯಾಗೇ ತೋರಿಸ್ತಿದೆ. ಎಲ್ಲಿ, ಸ್ಟಾರ್ಟ್ ಮಾಡಿ” ಎಂದ. ಕೀಲಿ ತಿರುಗಿಸಿದ್ದೇ ತಡ, ಮೀಟರಿನ ಮುಳ್ಳು ದಡಕ್ಕನೆ ಕೆಳಗಿಳಿಯಿತು.

“ವಯಸ್ಸಾಗಿದೆ ಸಿಸ್ಟರ್, ಪಕ್ಕದಲ್ಲಿ ಉಬ್ಬಿಕೊಂಡೂ ಇದೆ. ಚಳಿ ಬಿದ್ರೆ ಕೈಕೊಡುತ್ತೆ. ಬದಲಾಯಿಸಿಬಿಡಿ.”

“ನಿನ್ನೆ ಒಂದೇ ಏಟಿಗೆ ಸ್ಟಾರ್ಟ್ ಆಯ್ತಲ್ಲ!”

“ನಿನ್ನೆ ಬಿಸಿಲಿತ್ತು.”

“ಶನಿವಾರ ಬರ್ತೀನಿ. ಈಗ ನನಗೋಸ್ಕರ ಜನ ಕಾಯ್ತಿದ್ದಾರೆ” ಎಂದು ಹೊರಟೇಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಕಟ್ಟಿತ್ತು. ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಅಷ್ಟೇ. ಅವಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನೆಮ್ಮದಿ. ಇವತ್ತು ಹೋಗಲಾಗದಿದ್ದರೆ ಅದು ತನ್ನ ತಪ್ಪಲ್ಲ ಎಂಬ ನೆಮ್ಮದಿ. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಗ್ಯಾರೇಜಿಗೆ ಫೋನ್ ಮಾಡಿದಳು. ಮೊದಲ ಮನೆಯ ಮುದುಕ ದರ್ಜಿಗೂ ಫೋನ್ ಮಾಡಿ ತಡವಾಗುತ್ತದೆ ಎಂದಳು.

“ನಿಧಾನಕ್ಕೆ ಬಾಮ್ಮ. ನನ್ನ ಕಾಲು ಎಲ್ಲಿಗೂ ಓಡಿಹೋಗಲ್ಲ” ಎಂದ ಆತ.

ನಗಲು ಹೋದವಳು ಸೀಟಿಗೆ ತಲೆಯಾನಿಸಿದಳು. ಹಾಗೇ ನಿದ್ದೆ ಹತ್ತಿತು.

ಹೊಸ ಬ್ಯಾಟರಿ ಹೊತ್ತು ಬಂದ ಗ್ಯಾರೇಜಿನವನನ್ನು ಅತ್ತೆ ಗೇಟಿನಲ್ಲೇ ತಡೆದರು. “ಎಬ್ಬಿಸಬೇಡಪ್ಪ. ಎಷ್ಟು ದಿನ ಆಯ್ತೋ ಹೀಗೆ ಮಲಗಿ.”

“ಬಾನೆಟ್ ತೆಗೆಯೋಕೆ ಕಾರಿನ ಒಳಗಿಂದ ಲಿವರ್ ಎಳೀಬೇಕಲ್ಲ ಅಜ್ಜಿ?”

“ಎಳೆದರಾಯ್ತು. ಮೊದಲು ಟೀ ಕುಡಿ.”

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಬಿಸಿಲು ಮುಖಕ್ಕೆ ಬಿದ್ದಾಗ ಸಿಸ್ಟರ್ ದಡಕ್ಕನೆ ಎದ್ದು, “ಎಬ್ಬಿಸೋಕೆ ಏನಾಗಿತ್ತು ನಿಮಗೆ?” ಎಂದು ಇಬ್ಬರ ಮೇಲೂ ಹರಿಹಾಯ್ದಳು.

“ಬೈಯಿ, ಬೈಯಿ” ಎಂದರು ಅತ್ತೆ, ಲೋಟ ಎತ್ತಿಕೊಳ್ಳುತ್ತ. “ಬೈಯೋಕಾದ್ರೂ ತ್ರಾಣ ಬಂತಲ್ಲ.”

ಬ್ಯಾಟರಿ ಬದಲಾಯಿತು, ಕಾರು ಹೊರಟಿತು. ದರ್ಜಿಯ ಕಾಲಿಗೆ ಪಟ್ಟಿ ಕಟ್ಟಿ ಹೊರಬಂದವಳು ರಸ್ತೆ ಬದಿಯಲ್ಲೇ ನಿಂತು, ಮನೆಗಳನ್ನು ಹಂಚಿಕೊಡುವ ಮೇಲ್ವಿಚಾರಕಿಗೆ ಫೋನ್ ಮಾಡಿದಳು: ಎರಡು ಮನೆ ಕಡಿಮೆ ಮಾಡಿ, ನನ್ನ ಕೈಲಾಗ್ತಿಲ್ಲ. ಹಾಗೆ ಕೇಳಿದ್ದು ಅದೇ ಮೊದಲು. ಆಕೆ ಗೊಣಗಿ, ಕೊನೆಗೆ ಒಂದು ಮನೆ ಬಿಟ್ಟುಕೊಟ್ಟಳು, ಎಲ್ಲಕ್ಕಿಂತ ದೂರದ್ದು.

ಮುಂದಿನ ವಾರದಿಂದ ಸಿಸ್ಟರ್ ಬೆಳಕಿರುವಾಗಲೇ ಮನೆ ಸೇರತೊಡಗಿದಳು. ಕೈಕಾಲು ತೊಳೆದು ಅತ್ತೆಯ ಪಕ್ಕ ಸುಮ್ಮನೆ ಕೂರುತ್ತಿದ್ದಳು. ಅತ್ತೆ ಟೀ ಲೋಟ ಅವಳ ಕೈಗಿಡುತ್ತಿದ್ದರು.