ಜಯವಂತಪ್ಪ ಕಾಕಾರ ಅಪ್ಪಣೆ ಇಲ್ಲದ ಐತವಾರ

ಜಯವಂತಪ್ಪ ಕಾಕಾ ಯಾರನ್ನೂ ಕೇಳದೆ ಒಂದು ಲೋಟ ನೀರು ಕುಡಿದವರಲ್ಲ. ಸ್ವಂತ ಮನೆಯ ಗಡಿಗೆಯ ಮುಂದೆ ನಿಂತರೂ "ತಗೊಳ್ಳೇನು?" ಎನ್ನುತ್ತಿದ್ದರು. ಅಡುಗೆಮನೆಯಿಂದ ಹೆಂಡತಿ ಸುಂದರವ್ವ, "ತಗೋರಿ, ನಿಮ್ಮ ಮನೀದ ಐತಿ" ಎಂದ ಮೇಲೆಯೇ ಲೋಟ ಗಡಿಗೆಯೊಳಗೆ ಇಳಿಯುತ್ತಿತ್ತು. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಈ ಅನುಮತಿ ಒಮ್ಮೆಯೂ ನಿರಾಕರಣೆಯಾಗಿರಲಿಲ್ಲ. ಆದರೂ ಅರ್ಜಿ ತಪ್ಪಲಿಲ್ಲ.

ಅವರು ವಿಜಯಪುರದ ನಮ್ಮ ಸಣ್ಣ ಕ್ರೈಸ್ತ ಸಭೆಯ ಹಿರಿಯರು. ಹೊಟ್ಟೆಪಾಡಿಗೆ ರೈಲ್ವೆ ಗೇಟಿನಲ್ಲಿ ದುಡಿದು ನಿವೃತ್ತರಾಗಿದ್ದರು. ಎರಡೂ ಕಡೆ ಮೇಲಿನಿಂದ ಅಪ್ಪಣೆ ಬರಬೇಕು, ನಡುವೆ ಸ್ವಂತ ಬುದ್ಧಿ ಓಡಿಸಿದರೆ ಜೀವಗಳು ಹೋಗುತ್ತವೆ ಎಂಬುದು ಅವರ ನಂಬಿಕೆ. ಹಾಗಾಗಿ ಸ್ವಂತ ಬುದ್ಧಿಯನ್ನು ಹಬ್ಬದ ಕೋಟಿನ ಹಾಗೆ ಮಡಿಚಿಟ್ಟಿದ್ದರು. ಹಾಳಾಗಿರಲಿಲ್ಲ, ಬಳಕೆಯಲ್ಲೂ ಇರಲಿಲ್ಲ.

ಗಾಂಧಿ ಚೌಕದಲ್ಲಿ ಅವರು ಕಾಯಿಪಲ್ಯ ಕೊಳ್ಳುವುದೇ ಒಂದು ಸಣ್ಣ ಆರಾಧನೆ. ಬದನೆಕಾಯಿಯ ಗುಡ್ಡೆಯ ಮುಂದೆ ನಿಂತು ಕಣ್ಣು ಮುಚ್ಚುತ್ತಿದ್ದರು. ಹಿಂದೆ ಆಟೋದವರು ಹಾರ್ನ್ ಹೊಡೆಯುತ್ತಿದ್ದರು. ಪಲ್ಯ ಮಾರುವ ಬಾಗವಾನ ಮಾತ್ರ ರೂಢಿಯಾದವನು, ತಕ್ಕಡಿ ಕೈಯಲ್ಲಿ ಹಿಡಿದೇ ಕಾಯುತ್ತಿದ್ದ.

"ಕಾಕಾ, ಮ್ಯಾಲಿಂದ ಏನ್ ಹೇಳಿದ್ರು?"

"ಸೌತಿಕಾಯಿ ತಗೋ ಅಂದ್ರು."

"ಬದನಿಕಾಯಿ ಚಲೋ ಅದಾವ ಅಂತ ಒಂದ ಮಾತ ತಿಳಿಸಬೇಕಿತ್ತು ನೀವು."

"ಅವರಿಗೆ ನಾ ತಿಳಿಸೂದೇನಪಾ" ಎಂದು ಕಾಕಾ ಚೀಲದ ಬಾಯಿ ತೆರೆಯುತ್ತಿದ್ದರು. ನಗುತ್ತಿರಲಿಲ್ಲ. ಅವರು ತಮಾಷೆ ಮಾಡುತ್ತಿರಲೂ ಇಲ್ಲ.

ಇದೆಲ್ಲ ನಗುವ ಮಾತಾಯಿತು. ಅವರ ಮಗಳು ಸುಶೀಲಾ ನಗದ ಒಂದು ಸಂಗತಿಯೂ ಇದೆ. ಅವಳ ಮದುವೆಯ ದಿನ ದಿಬ್ಬಣದ ಗಾಡಿಗಳು ಕಾಕಾರ ಗೇಟಿಗೇ ಬಂದು ನಿಂತವು. ಗೇಟು ಬಿದ್ದಿತ್ತು, ರೈಲಿನ ಸುಳಿವಿರಲಿಲ್ಲ. ರಜೆಯ ಮೇಲೆ ಕೋಟು ತೊಟ್ಟು ಕಾಕಾ ಮುಂದಿನ ಗಾಡಿಯಲ್ಲಿ ಕುಳಿತಿದ್ದರು. ಅವರ ಬದಲಿಗೆ ಬಂದಿದ್ದ ಗೇಟಿನವನು ಮುಲಾಜಿಗೆ ಬಿದ್ದು, "ರೈಲು ಇನ್ನ ಹಿಂದಿನ ಸ್ಟೇಶನ್ದಾಗ ಐತ್ರಿ, ಪಟ್ಟನ ದಾಟಿಬಿಡ್ರಿ" ಎಂದು ಗೇಟಿಗೆ ಕೈ ಹಾಕಿದ. ಕಾಕಾ ಕೆಳಗಿಳಿದು ಅವನ ಕೈ ಹಿಡಿದರು. ಸೀರೆಯ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಮಗಳು, "ಅಪ್ಪಾ, ತಗೀ ಅನ್ನಪಾ. ಅಲ್ಲಿ ಎಲ್ಲಾರೂ ಕಾಯಾಕತ್ತಾರ" ಎಂದಳು. "ಅಪ್ಪಣಿ ಬಂದಿಲ್ಲವ್ವ" ಎಂದರು ಕಾಕಾ. ಹೂವು ಬಾಡಿದವು, ಬ್ಯಾಂಡಿನವರು ಗಾಡಿಯಿಂದಿಳಿದು ಬೇವಿನ ನೆರಳಲ್ಲಿ ಮಲಗಿದರು. ರೈಲು ತನಗೆ ತೋಚಿದಾಗ ಬಂತು. ಮದುವೆ ಆಯಿತು, ಮಗಳು ಬಬಲೇಶ್ವರದ ಮನೆ ಸೇರಿದಳು. ಆ ಬಿಸಿಲು ಮಾತ್ರ ಅವಳ ಮನಸ್ಸಿನಿಂದ ಇಳಿಯಲಿಲ್ಲ.

ಇನ್ನು ನಮ್ಮ ಸಭೆಯ ಒಂದು ಪದ್ಧತಿಯನ್ನು ಹೇಳಬೇಕು. ಗುಡಿಯ ಕೊನೆಯಲ್ಲಿ, ಬಾಗಿಲ ಪಕ್ಕ ಒಂದು ಬಾಕು, ಕೂಡುವ ಬೆಂಚು, ಇದೆ. ಅದಕ್ಕೆ ಶಿಸ್ತಿನ ಬಾಕು ಎನ್ನುತ್ತೇವೆ. ಕುಡಿದವರು, ಬಡಿದಾಡಿದವರು, ಐತವಾರದ ಆಚಾರ ಮುರಿದವರು ಅಲ್ಲಿ ಕೂಡಬೇಕು. ಕರ್ತನ ಭೋಜನದ ದಿನ ಅವರಿಗೆ ರೊಟ್ಟಿ ಇಲ್ಲ, ದ್ರಾಕ್ಷಾರಸ ಇಲ್ಲ. ಒಂದು ದಿನ ಸಭೆಯ ಮುಂದೆ ನಿಂತು, "ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆ, ಇನ್ನು ಮುಂದೆ ಮಾಡುವುದಿಲ್ಲ" ಎಂದು ಹೇಳಿದರೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಬಲಗೈ ಹಿಡಿದು ಒಳಗೆ ಕರೆದುಕೊಳ್ಳುತ್ತಾರೆ. ಈಚೆಗೆ ಜನ ಪಾಪ ಮಾಡುವುದನ್ನು ಬಿಟ್ಟರೋ ಒಪ್ಪಿಕೊಳ್ಳುವುದನ್ನು ಬಿಟ್ಟರೋ, ಬಾಕು ಖಾಲಿಯೇ ಇತ್ತು. ನೆತ್ತಿಯ ಮೇಲೆ ಫ್ಯಾನು, ಪಕ್ಕದಲ್ಲಿ ಬಾಗಿಲು. ಹೀಗಾಗಿ ಬಹಳ ಕಾಲದಿಂದ ನಾನೇ ಅಲ್ಲಿ ಕೂಡುತ್ತ ಬಂದಿದ್ದೆ. ಹೊಸದಾಗಿ ಬಂದ ಒಂದು ಕುಟುಂಬ ನನ್ನ ಉದ್ಧಾರಕ್ಕಾಗಿ ಉಪವಾಸ ಮಾಡಿತ್ತೆಂದು ಆಮೇಲೆ ತಿಳಿಯಿತು. ನಾನು ಸಭೆಯ ಕಮಿಟಿಯ ಸದಸ್ಯ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲವಂತೆ.

ಟಿಕೋಟಾದಲ್ಲಿ ನಮ್ಮದೊಂದು ಪ್ರಾರ್ಥನಾ ಮನೆ ಇದೆ. ಐತವಾರ ನಾಲ್ಕಕ್ಕೆ ಅದರ ಬಾಗಿಲು ತೆಗೆದು ಪ್ರಾರ್ಥನೆ ನಡೆಸಬೇಕೆಂದು ಅಯ್ಯನವರು ಕಾಕಾರಿಗೆ ಹೇಳಿದ್ದರು. ಕೀಲಿ ಕಾಕಾರ ಕೋಟಿನ ಕಿಸೆಯಲ್ಲಿ, ಕಾಕಾ ನನ್ನ ಸ್ಕೂಟರಿನ ಹಿಂದೆ. ನಾನು ಹೋಗುತ್ತಿದ್ದುದು ಭಕ್ತಿಯಿಂದ ಎಂದು ಕಾಕಾ ತಿಳಿದಿದ್ದರು. ಟಿಕೋಟಾದ ಮಿರ್ಚಿ ಭಜಿಯ ಪಾಲೂ ಅದರಲ್ಲಿತ್ತು.

ಅದು ದ್ರಾಕ್ಷಿ ಒಣಗಿ ಮಣೂಕ ಆಗುವ ಬಿಸಿಲುಗಾಲ. ಟಿಕೋಟಾ ಇನ್ನೂ ಸ್ವಲ್ಪ ದೂರ ಇರುವಾಗ ಕನಮಡಿಯ ಕಡೆಯಿಂದ ಮೋಡ ಎದ್ದಿತು. ರಸ್ತೆಯ ಬದಿಯ ಒಂದು ಹೊಲದಲ್ಲಿ ತಾಡಪತ್ರಿಗಳ ಮೇಲೆ ಮಣೂಕ ಹರವಿತ್ತು, ಇಡೀ ವರ್ಷದ ಬೆಳೆ. ಇಬ್ಬರೇ ಹೆಂಗಸರು ಒಂದು ತುದಿ ಹಿಡಿದರೆ ಇನ್ನೊಂದು ತುದಿ ಗಾಳಿಗೆ ಹಾರುತ್ತಿತ್ತು. ಅವರಲ್ಲಿ ಹಿರಿಯಳು ರಸ್ತೆಗೆ ಕೇಳುವಂತೆ ಕೂಗಿದಳು:

"ಏ ಯಪ್ಪಾ, ನಿಂತ ನೋಡಬ್ಯಾಡ್ರೋ. ಕೈ ಹಚ್ಚ ಬರ್ರೋ."

ನಾನು ಆಗಲೇ ಗಾಡಿ ನಿಲ್ಲಿಸಿದ್ದೆ. "ಕಾಕಾ, ಇಳಿಯೂಣೇನ್ರಿ?"

"ಇವತ್ತ ಐತವಾರ. ನಾಕಕ್ಕ ಬಾಗಲಾ ತಗೀ ಅಂತ ಅಯ್ಯಾರು ಹೇಳ್ಯಾರ. ನಡಿ."

ನಡಿ ಎಂದ ಮೇಲೆ ನಡೆದೆ. ಸ್ವಲ್ಪ ಮುಂದೆ ಹೋದಾಗ ಗಾಡಿ ತೀರ ಹಗುರ ಅನ್ನಿಸಿತು. ತಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ. ಗಾಡಿ ಹೊರಡುವ ಹೊತ್ತಿಗೇ ಅವರು ಇಳಿದುಬಿಟ್ಟಿದ್ದರು. ಧೋತರ ಎತ್ತಿ ಕಟ್ಟಿ ಒಡ್ಡು ಹಾರಿ ಓಡುತ್ತಿದ್ದರು.

ಕಾಕಾ ಓಡಬಲ್ಲರು ಎಂಬುದು ನನಗೆ ಗೊತ್ತಿರಲಿಲ್ಲ. ಅಪ್ಪಣೆ ಕೊಡಬಲ್ಲರು ಎಂಬುದಂತೂ ಗೊತ್ತೇ ಇರಲಿಲ್ಲ. "ಆ ಅಂಚ ಹಿಡಿಯವ್ವ. ಬಿಗಿ. ಲೇ, ನೀ ಯಾಕ ಕಂಬದಂಗ ನಿಂತಿ, ಕಲ್ಲ ತಾ ಕಲ್ಲ" ಎಂದು ನನ್ನನ್ನೂ ಸೇರಿಸಿ ಎಲ್ಲರನ್ನೂ ಓಡಾಡಿಸಿದರು. ಮಣೂಕವನ್ನೆಲ್ಲ ರಾಶಿ ಮಾಡಿ ಶೆಡ್ಡಿನೊಳಗೆ ಎಳೆದು, ಮೇಲೆ ತಾಡಪತ್ರಿ ಹೊದಿಸುವುದಕ್ಕೂ ಮಳೆ ಧೋ ಎಂದು ಇಳಿಯುವುದಕ್ಕೂ ಸರಿಹೋಯಿತು. ಆಗ ಕಾಕಾ ರಾಶಿಗೆ ಕೈ ಹಾಕಿ ಒಂದು ಹಿಡಿ ಮಣೂಕ ಬಾಯಿಗೆ ಹಾಕಿಕೊಂಡರು. ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಆಮೇಲೆ ನಕ್ಕರು. ಶಾಲೆ ತಪ್ಪಿಸಿ ಕೆರೆಗೆ ಜಿಗಿದ ಹುಡುಗರು ನಗುವ ನಗು ಅದು.

ನಗುತ್ತಲೇ ಒದ್ದೆ ಕೈ ಒರೆಸಲು ಕೋಟಿಗೆ ಕೈ ಹಚ್ಚಿದರು. ಕಿಸೆಯೊಳಗಿನ ಕೀಲಿ ಸಪ್ಪಳ ಮಾಡಿತು.

ನಾವು ಟಿಕೋಟಾ ಮುಟ್ಟಿದಾಗ ಪ್ರಾರ್ಥನಾ ಮನೆಯ ಮುಂದೆ ಬಿಜ್ಜರಗಿಯ ಮುದುಕಿ ಸತ್ತೆವ್ವ ಒಬ್ಬಳೇ ಗೋಡೆಗೆ ಆತು ನಿಂತಿದ್ದಳು. ಉಳಿದವರು ತೊಯ್ದು ಬೇಸತ್ತು ಮನೆಗೆ ಹೋಗಿದ್ದರು. ಅವಳ ಸೀರೆಯಿಂದ ನೀರು ಇಳಿಯುತ್ತಿತ್ತು.

"ಬಂದ್ರೇನ್ರಿ ಹಿರ್ಯಾರ" ಎಂದಳು. "ಟೆಂಪೋ ಹೊಂಟಿತ್ತು. ನೀವು ತಪ್ಪಿಸಾವ್ರಲ್ಲ ಅಂತ ನಿಂತೆ."

ಕಾಕಾ ಬಾಗಿಲು ತೆಗೆದರು, ಪ್ರಾರ್ಥನೆಗೆ ಮಾತ್ರ ಬಾಯಿ ತೆಗೆಯಲಾಗಲಿಲ್ಲ. ಕೊನೆಗೆ ಹಲ್ಲು ಕಟಕಟಿಸುತ್ತ ಸತ್ತೆವ್ವನೇ ಪ್ರಾರ್ಥನೆ ಮಾಡಿದಳು. ಅಂದು ನನಗೂ ಭಜಿ ತಿನ್ನಬೇಕೆನ್ನಿಸಲಿಲ್ಲ. ಸತ್ತೆವ್ವ ಬಹಳ ದಿನ ಕೆಮ್ಮಿದಳು. ಕಾಕಾ ಬಿಜ್ಜರಗಿಗೆ ಹೋಗಿ ಹೋಗಿ ಔಷಧ ಕೊಟ್ಟು ಬಂದರು.

ಮುಂದಿನ ಐತವಾರ ಗುಡಿಗೆ ಹೋದರೆ ಕಾಕಾ ನನ್ನ ಬಾಕಿನ ಮೇಲೆ ಕುಳಿತಿದ್ದರು.

"ಇಲ್ಲ್ಯಾಕ್ರಿ ಕಾಕಾ?" ಎನ್ನುತ್ತ ಪಕ್ಕ ಕುಳಿತೆ.

"ನನ್ನ ಜಾಗಾ ಇದ. ನೀ ಯಾಕ ಇಲ್ಲಿ ಕೂಡತಿ?"

"ಫ್ಯಾನ್ ಐತ್ರಿ."

"ಹಂಗಾರ ಒಂಚೂರ ಸರಿ."

ನಾನು ಸರಿದೆ. ಅಂದು ಫ್ಯಾನಿನ ಕೆಳಗೂ ನನಗೆ ಬೆವರು ಬಂತು.

ಆರಾಧನೆ ಮುಗಿದ ಮೇಲೆ ಅಯ್ಯನವರು ಗಾಬರಿಯಿಂದ ಬಂದರು. ವಯಸ್ಸಿನಲ್ಲಿ ಕಾಕಾರ ಮಗನಷ್ಟಿದ್ದ ಅವರು ಬಹಳ ಓದಿದವರು, ಒಳ್ಳೆಯವರು. ಸಬ್ಬತ್ತೆಂಬ ವಿಶ್ರಾಂತಿಯ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆ ಎತ್ತುವುದು ತಪ್ಪಲ್ಲವೆಂದು ಕರ್ತನೇ ಹೇಳಿಲ್ಲವೆ, ಮಣೂಕವೂ ಒಂದು ಎತ್ತೇ ಅಲ್ಲವೆ ಎಂದು ನಯವಾಗಿ ತಿಳಿಹೇಳಿದರು.

ಕಾಕಾ ಪೂರ್ತಿ ಕೇಳಿಸಿಕೊಂಡರು. "ಎತ್ತ ಬಿದ್ದಿತ್ರಿ ಅಯ್ಯಾರ, ಎತ್ತಿದೆ. ಅದಕ್ಕ ವಚನ ಐತಿ. ಆದ್ರ ಎತ್ತ ಬಿದ್ದದ್ದಕ್ಕ ನನಗ ಸಂತೋಷ ಆತು. ಅದಕ್ಕೇನರ ವಚನ ಐತೇನ್ರಿ?"

ಅಯ್ಯನವರು ಕೈಯಲ್ಲಿದ್ದ ಬೈಬಲಿನ ಹಾಳೆ ತಿರುವತೊಡಗಿದರು.

"ಕೀಲಿ ನೆನಪ ಇತ್ರಿ ನನಗ" ಎಂದು ಕಾಕಾ ತಲೆ ತಗ್ಗಿಸಿ ಹೇಳಿದರು. "ಮರತಿರಲಿಲ್ಲ. ಬೇಕಂತನ ಬಿಟ್ಟ ಓಡೇನಿ. ಹುಟ್ಟಿದಾಗಿಂದ ಬೆನ್ನ ಮ್ಯಾಲ ಇದ್ದ ಚೀಲಾ ಇಳಿಸಿದಂಗ ಆತ್ರಿ."

ವಿಷಯ ಕಮಿಟಿಗೆ ಬಂತು. ಕಮಿಟಿ ಯಾವುದಕ್ಕೂ ಅವಸರ ಮಾಡುವುದಿಲ್ಲ, ಚಹಾಕ್ಕೊಂದನ್ನು ಬಿಟ್ಟು. ಹಾಕದೆ ಇರುವ ಶಿಸ್ತನ್ನು ತೆಗೆಯುವುದು ಹೇಗೆಂದು ಗಂಭೀರವಾಗಿ ಚರ್ಚಿಸಿ, ಹಿರಿಯರು ತಾವಾಗಿ ಹೋಗಿ ಕುಳಿತಿದ್ದರೂ ಎಲ್ಲರಂತೆ ಆ ಒಂದು ಮಾತು ಹೇಳಿಯೇ ಬರಲಿ ಎಂದು ಠರಾವು ಮಾಡಿದೆವು. ನನ್ನ ಕೈಯೂ ಮೇಲೆದ್ದಿತ್ತು. ಒಂದು ಮಾತು ತಾನೆ?

ಭೋಜನದ ಐತವಾರ ಕಾಕಾ ಸಭೆಯ ಮುಂದೆ ನಿಂತರು. ಸತ್ತೆವ್ವ ತೊಯ್ದದ್ದಕ್ಕೆ, ಕೀಲಿ ತಡವಾದದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆ ಎಂದರು. ಹೆಂಗಸರ ಸಾಲಿನಲ್ಲಿ ಸುಂದರವ್ವ ಕಣ್ಣೊರೆಸಿಕೊಂಡರು. ಅಯ್ಯನವರು ಬಲಗೈ ಮುಂದೆ ಚಾಚಿಯೂ ಆಗಿತ್ತು. "ಇನ್ನ ಮ್ಯಾಲ..." ಎಂದ ಕಾಕಾ ಅಲ್ಲಿಗೇ ನಿಂತರು. ಗುಡಿಯಲ್ಲಿ ಒಂದು ಕೂಸು ಅತ್ತು ಸುಮ್ಮನಾಯಿತು.

"ಬರವಲ್ದ್ರಿ ಅಯ್ಯಾರ" ಎಂದರು. "ಸುಳ್ಳ ಆಗತೈತಿ." ಅಲ್ಲಿಂದ ತಿರುಗಿ ಬಂದು ನನ್ನ ಪಕ್ಕ ಕುಳಿತರು.

ಸುಶೀಲಾ ಬಬಲೇಶ್ವರದಿಂದ ಬಂದಳು. ನಾನೂ ಕಾಕಾರ ಮನೆಯಲ್ಲಿದ್ದೆ. ತಂದೆಯ ಮುಂದೆ ನಿಂತು, "ಆ ಮಾತ ಅಂದ್ರ ಏನ ಹೋಗತೈತಪಾ? ಅವ್ವ ಊಟಾ ಬಿಟ್ಟಾಳ" ಎಂದಳು. ಆಗ ಅವಳು ಎಷ್ಟೋ ವರ್ಷ ಕಾದಿಟ್ಟ ಮಾತು ಹೊರಗೆ ಬಂತು. "ಗುರ್ತ ಇಲ್ಲದಾಕಿ ಮಣೂಕ ಸಲುವಾಗಿ ಅಪ್ಪಣಿ ಮುರದಿ. ನನ್ನ ಮದವಿ ದಿನ ಒಂದ ಗೇಟ ತಗೀಲಿಲ್ಲ ನೀ."

"ಅದ ವಿಚಾರನ ಹತ್ತೇತವ್ವ ನನಗ" ಎಂದರು ಕಾಕಾ. "ಅವತ್ತ ತಗದಿದ್ರ ಏನ ಆಗತಿತ್ತು ಅಂತ. ಮದ್ಲ ಇಂಥಾ ವಿಚಾರ ಬರ್ತಿದ್ದಿಲ್ಲ. ಒಮ್ಮಿ ರುಚಿ ಹತ್ತಿತು ನೋಡು, ಈಗ ಎಲ್ಲಾ ಗೇಟಿನ ಮುಂದೂ ಇದ ಕೇಳತೇತಿ ಮನಸು. ಪಾಪ ಅಂದ್ರ ಇದ ಇರಬೇಕು. ಮತ್ತ ಇದನ್ನ ಬಿಡಾಕೂ ಮನಸಿಲ್ಲ."

ಮಗಳು ಜಗಳ ಮುಂದುವರಿಸಲಿಲ್ಲ. ತಂದೆಯ ಪಕ್ಕ ಕುಳಿತು ಅವರ ಅಂಗಿಯ ಗುಂಡಿ ಸರಿಮಾಡಿದಳು.

ಆಮೇಲಿನ ಭೋಜನದ ಐತವಾರಗಳು ನನಗೆ ಕಷ್ಟವಾದವು. ಕೊನೆಯ ಬಾಕಿಗೆ ತಟ್ಟೆ ಬರುವುದಿಲ್ಲ. ನಾನು ಎದ್ದು ಮುಂದೆ ಹೋಗಿ, ತಿಂದು, ಕುಡಿದು, ಬಾಯಿ ಒರೆಸಿಕೊಂಡು ಬಂದು ಮತ್ತೆ ಕಾಕಾರ ಪಕ್ಕ ಕೂಡಬೇಕು. ತಪ್ಪು ಮಾಡಿ ತಿಂಗಳೊಳಗೆ ಮರೆಯುವ ನನಗೆ ರೊಟ್ಟಿ. ಮರೆಯದ ಅವರಿಗೆ ಬಾಕು. ಒಮ್ಮೆ ನಾನೂ ಎದ್ದು ಹೋಗದೆ ಕುಳಿತೆ. ಕಾಕಾ ಮೊಣಕೈಯಿಂದ ತಿವಿದು, "ಹೋಗಲೇ, ನಿನಗ ಕರದಾರ" ಎಂದರು. ಹೋದೆ.

ಚಳಿಗಾಲದಲ್ಲಿ ಕಾಕಾ ಹಾಸಿಗೆ ಹಿಡಿದರು. ಡಾಕ್ಟರು ಮನೆಯವರನ್ನು ಹೊರಗೆ ಕರೆದು ಮಾತಾಡಿದ ಮರುದಿನ ಅಯ್ಯನವರು ರೋಗಿಗಳಿಗೆ ಭೋಜನ ಕೊಡುವ ಸಣ್ಣ ಪೆಟ್ಟಿಗೆ ತಂದರು. ಸುಂದರವ್ವ ಕಾಕಾರನ್ನು ದಿಂಬಿಗೆ ಒರಗಿಸಿ ಕೂಡಿಸಿದರು. ನಾನು ಬಾಗಿಲ ಹತ್ತಿರ ನಿಂತೆ.

"ಕಾಕಾರ, ಆ ಒಂದ ಮಾತ ಅಂದಬಿಡ್ರಿ" ಎಂದರು ಅಯ್ಯನವರು. ಅದು ಬೇಡಿಕೊಳ್ಳುವ ಧ್ವನಿ.

"ಪಶ್ಚಾತ್ತಾಪ ಇಲ್ರಿ ಅಯ್ಯಾರ" ಎಂದರು ಕಾಕಾ. ಉಸಿರು ತಗೊಂಡು, "ಹಸಿವು ಐತಿ" ಎಂದರು.

ಅಯ್ಯನವರು ರೊಟ್ಟಿ ಮುರಿದರು. ತಟ್ಟೆ ಎತ್ತಿಕೊಂಡು ಹಾಸಿಗೆಯವರೆಗೆ ಬಂದರು. ಅಲ್ಲಿ ಅವರ ಕೈ ನಿಂತಿತು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಕಾಕಾರ ಕೈ ಹೊದಿಕೆಯಿಂದ ಹೊರಗೆ ಬಂದು, ತಟ್ಟೆಯಿಂದ ಒಂದು ತುಣುಕು ತಗೊಂಡಿತ್ತು. ಅವರು ಅದನ್ನು ನಿಧಾನವಾಗಿ ಅಗಿದರು.

"ನೀವು ಕೊಟ್ಟಿಲ್ರಿ" ಎಂದರು. "ನಾ ತಗೊಂಡೇನಿ. ನಿಮ್ಮ ಮ್ಯಾಲ ಬರಂಗಿಲ್ಲ."

ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಆ ವಾರವೇ ಕಾಕಾ ತೀರಿಕೊಂಡರು.

ಮಣ್ಣು ಮುಗಿದ ಮೇಲೆ ಕಮಿಟಿ ಕೂಡಿತು. ಶಿಸ್ತಿನಲ್ಲಿದ್ದವರಿಗೆ ಭೋಜನ ಕೊಟ್ಟಿರೇನು ಎಂದು ಒಬ್ಬರು ಅಯ್ಯನವರನ್ನು ಕೇಳಿದರು. ನಾನೇ ಬಾಯಿ ಹಾಕಿ, "ಅವರು ತಾವ ತಗೊಂಡಾರ್ರಿ, ನಾ ಕಂಡೇನಿ" ಎಂದೆ. ಕಮಿಟಿಗೆ ಬಹಳ ಸಮಾಧಾನವಾಯಿತು, ಸಭಾಪಾಲಕರದು ಏನೂ ತಪ್ಪಿಲ್ಲ ಎಂದಾಯಿತು. ತಪ್ಪೆಲ್ಲ ತೀರಿಹೋದವರ ಹೆಸರಿಗೆ ಹೋಯಿತು.

ಹೊರಗೆ ಓಣಿಯಲ್ಲಿ ಅಯ್ಯನವರು ಬೈಕಿನ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನನ್ನು ಕಂಡು, "ಕಾಕಾರು ಕೈ ಚಾಚದಿದ್ರೂ ನಾ ಕೊಡಾವನ ಇದ್ನಿರಿ" ಎಂದರು.

"ಹೌದೇನ್ರಿ ಅಯ್ಯಾರ?" ಎಂದೆ.

ಅವರು ಹೌದು ಎನ್ನಲು ಬಾಯಿ ತೆರೆದರು. ಸುಳ್ಳು ಹೇಳುವ ಜಾಯಮಾನ ಅವರದಲ್ಲ. ಬೈಕು ಹತ್ತಿ ಕಿಕ್ ಹೊಡೆದು ಹೋದರು.